ನೀಲಗಿರಿ ಮಾರಿ ಕಟ್ಟಿದ ಫೀಸು

ಹೋದ ದೀಪಾವಳಿಗೆ ಮುಂಚೆ ನಾನೊಂದು ಕ್ಯಾರಿಬ್ಯಾಗ್ ಹೂತೆ. ಶೆಟ್ಟಿಹಳ್ಳಿಯ ನಮ್ಮ ಬಾಡಿಗೆ ಮನೆಯ ತಾರಸಿ ಮೇಲೆ ಹೆಂಡತಿ ಸಾಕಿರೋ ಕುಂಡಗಳ ಸಾಲಿದೆ. ಅದರಲ್ಲಿ ದಾಸವಾಳ ಒಣಗಿ ಖಾಲಿಯಾಗಿದ್ದ ದೊಡ್ಡ ಕುಂಡದಲ್ಲಿ, ಗೊಬ್ಬರ ಮಿಶ್ರಣದ ಮಧ್ಯೆ, ಒಂದು ಗೇಣು ಆಳಕ್ಕೆ. ಆನ್‌ಲೈನ್ ತರಕಾರಿ ಜೊತೆ ಬಂದ ತಿಳಿಹಸಿರು ಬಣ್ಣದ ಚೀಲ ಅದು. ಮೇಲೊಂದು ಎಲೆಯ ಚಿತ್ರ. ನಾನು ಪ್ಲಾಸ್ಟಿಕ್ ಅಲ್ಲ, ಜೋಳದಿಂದ ಹುಟ್ಟಿದ್ದೇನೆ, ಮಣ್ಣಿಗೆ ಮರಳುತ್ತೇನೆ ಎಂಬರ್ಥದ ಇಂಗ್ಲಿಷ್ ಸಾಲು. ಓದಿದರೆ ವೈರಾಗ್ಯ ಬರಬೇಕು, ಹಾಗಿತ್ತು. ಎಷ್ಟು ದಿನಕ್ಕೆ ಮರಳುತ್ತಾನೋ ನೋಡೇಬಿಡೋಣ ಅಂತ ಫೋನಿನಲ್ಲಿ ರಿಮೈಂಡರ್ ಇಟ್ಟೆ.

ಯುಗಾದಿಗೆ ಕೆದಕಿದೆ. ಚೀಲ ಹಾಗೇ ಇತ್ತು. ಬಣ್ಣ ಸ್ವಲ್ಪ ಮಾಸಿತ್ತು, ಒಂದು ಕಡೆ ಎಳೆದರೆ ಹರಿಯುವಂತಿತ್ತು. ಎಲೆ ಚಿತ್ರ ಮಾತ್ರ ಸ್ಪಷ್ಟ.

ಆಮೇಲೆ ಚೀಲದ ತಳದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಅಚ್ಚಾಗಿದ್ದನ್ನು ಓದಿದೆ. ಅದೊಂದು ಪ್ರಮಾಣಪತ್ರದ ಸಂಖ್ಯೆ, ಜೊತೆಗೆ ಐಎಸ್ಒ 17088 ಅಂತ. ಈ ಮಾನದಂಡ ಏನು ಕೇಳುತ್ತದೆ ಅಂದರೆ, ಸುಮಾರು 58 ಡಿಗ್ರಿ ಬಿಸಿಯಲ್ಲಿಟ್ಟ ಕಾಂಪೋಸ್ಟ್‌ನಲ್ಲಿ ಹೆಚ್ಚೆಂದರೆ 180 ದಿನದೊಳಗೆ ಅದರಲ್ಲಿರುವ ಇಂಗಾಲದ ಶೇ. 90ರಷ್ಟು ಇಂಗಾಲದ ಡೈಆಕ್ಸೈಡ್ ಆಗಬೇಕು. ಐವತ್ತೆಂಟು ಡಿಗ್ರಿ! ನಮ್ಮ ತಾರಸಿಯ ಕುಂಡ ಏಪ್ರಿಲ್‌ನಲ್ಲೂ ಅಷ್ಟು ಕಾಯೋದಿಲ್ಲ. ಅಂದರೆ ಚೀಲ ಸುಳ್ಳು ಹೇಳಿರಲಿಲ್ಲ. ಷರತ್ತುಗಳು ಅನ್ವಯ ಅನ್ನೋದನ್ನು ಸಣ್ಣಗೆ ಹೇಳಿತ್ತು ಅಷ್ಟೆ. ದಿನಾ ಓದದೆ 'ಐ ಅಗ್ರೀ' ಒತ್ತುವ ನಮ್ಮ ಕುಲದವರಿಗೆ ಇದು ಹೊಸದಲ್ಲ.

ಇಷ್ಟಕ್ಕೇ ಬಿಟ್ಟಿದ್ದರೆ ಇದೊಂದು ಟ್ವೀಟ್ ಆಗಿ ಮುಗಿಯುತ್ತಿತ್ತು. ಆದರೆ ಗಿಡದಿಂದ ಬಂದ ಪ್ಲಾಸ್ಟಿಕ್ ಅನ್ನೋ ಮಾತು ನನಗೆ ಬೇರೊಂದು ಕಾರಣಕ್ಕೆ ಚುಚ್ಚುತ್ತದೆ. ನನ್ನ ಬಿಇ ಮೊದಲ ವರ್ಷದ ಫೀಸು ಬಂದದ್ದೇ ಅದರ ದಾಯಾದಿಯೊಂದರಿಂದ. ಅಲ್ಲಿಗೆ ಬರುತ್ತೇನೆ, ಸ್ವಲ್ಪ ಸುತ್ತು ಹಾಕಿ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಜನ 'ಬಯೋಪ್ಲಾಸ್ಟಿಕ್' ಅಂದಾಗ ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಅಂದುಕೊಂಡಿರುತ್ತಾರೆ. ಒಂದು, ಅದು ಎಲ್ಲಿಂದ ಬಂತು. ಇನ್ನೊಂದು, ಅದು ಎಲ್ಲಿಗೆ ಹೋಗುತ್ತದೆ. ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೇಳಿದರೆ ಇವು ಎರಡು ಪ್ರತ್ಯೇಕ ಬೂಲಿಯನ್‌ಗಳು, ಒಂದು ಟ್ರೂ ಆದ ಮಾತ್ರಕ್ಕೆ ಇನ್ನೊಂದು ಟ್ರೂ ಆಗಬೇಕಿಲ್ಲ. ಬ್ರೆಜಿಲ್‌ನ ಬ್ರಾಸ್ಕೆಮ್ ಕಂಪನಿ 2010ರಿಂದ ಕಬ್ಬಿನ ಎಥನಾಲ್‌ನಿಂದ ಪಾಲಿಥೀನ್ ಮಾಡುತ್ತಿದೆ. ನೂರಕ್ಕೆ ನೂರು ಪಾಲಿಥೀನೇ, ಮಣ್ಣಲ್ಲಿಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಸಿಗುತ್ತದೆ. ಇನ್ನೊಂದು ಕಡೆ ಪಿಬಿಎಟಿ ಅಂತ ಒಂದಿದೆ, ಸಾಮಾನ್ಯವಾಗಿ ಪೆಟ್ರೋಲಿಯಂನಿಂದಲೇ ಮಾಡಿದ್ದು, ಆದರೆ ಕಾಂಪೋಸ್ಟ್‌ನಲ್ಲಿ ಕೊಳೆಯುತ್ತದೆ. ಇವತ್ತು ಕಾಂಪೋಸ್ಟಬಲ್ ಅಂತ ನಮ್ಮ ಕೈಗೆ ಬರುವ ಎಷ್ಟೋ ಕ್ಯಾರಿಬ್ಯಾಗುಗಳು ಈ ಪಿಬಿಎಟಿಗೆ ಜೋಳದ ಪಿಷ್ಟವನ್ನೋ ಪಿಎಲ್‌ಎಯನ್ನೋ ಬೆರೆಸಿ ಮಾಡಿದವು. ಜೋಳದಿಂದ ಹುಟ್ಟಿದ್ದೇನೆ ಅಂತ ಎದೆ ತಟ್ಟಿಕೊಳ್ಳುವ ಚೀಲದ ಅಪ್ಪ ಜೋಳ ಇರಬಹುದು, ಅಮ್ಮ ಪೆಟ್ರೋಲ್ ಬಂಕು.

ಇನ್ನೊಂದು ತಪ್ಪು ತಿಳಿವಳಿಕೆ, ಇದು ಹೊಸ ಐಡಿಯಾ ಅನ್ನೋದು. ಪ್ಲಾಸ್ಟಿಕ್ಕಿನ ಇತಿಹಾಸವೇ ಶುರುವಾಗೋದು ಗಿಡಮರಗಳಿಂದ. ಪೆಟ್ರೋಲಿಯಂ ಬಂದದ್ದು ಆಮೇಲೆ.

ಅರಗು ನೋಡಿ. ಮರದ ರಸ ಕುಡಿದು ಪುಟ್ಟ ಕೀಟ ಸ್ರವಿಸುವ ಅಂಟು. ಕಾಯಿಸಿದರೆ ಮೆತ್ತಗಾಗುತ್ತದೆ, ಆರಿದರೆ ಗಟ್ಟಿ. ಥರ್ಮೋಪ್ಲಾಸ್ಟಿಕ್ ಅಂದರೆ ಇಷ್ಟೇ ತಾನೇ? ದುರ್ಯೋಧನ ಅದರಲ್ಲಿ ಮನೆ ಕಟ್ಟಿಸಿದ, ಚನ್ನಪಟ್ಟಣದವರು ಹಾಲೆ ಮರದ ಗೊಂಬೆಗೆ ಬಣ್ಣ ಹಚ್ಚಿದರು. ಗ್ರಾಮಫೋನ್ ತಟ್ಟೆಗಳೂ ಅರಗಿನವೇ, 1940-50ರ ದಶಕದಲ್ಲಿ ವಿನೈಲ್ ಬಂದು ಜಾಗ ಹಿಡಿಯುವವರೆಗೆ. ಒಂದು ಕಾಲದಲ್ಲಿ ಅದಕ್ಕೆಷ್ಟು ಬೇಡಿಕೆ ಇತ್ತೆಂದರೆ, ಯಶವಂತಪುರದ ಪಕ್ಕದ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ 1920ರ ದಶಕದಲ್ಲಿ ಎಂ. ಶ್ರೀನಿವಾಸಯ್ಯ ಎಂಬ ವಿಜ್ಞಾನಿ ಅರಗಿನ ಹುಳ ಯಾವ ಮರದ ಮೇಲೆ ಚೆನ್ನಾಗಿ ಬೆಳೆಯುತ್ತದೆ ಅಂತ ಸಂಶೋಧನೆ ಮಾಡುತ್ತಿದ್ದರು. ಮೈಸೂರು ಸೀಮೆಯಲ್ಲಿ ಅದಕ್ಕೆ ಒಗ್ಗಿದ್ದು ಜಾಲಾರಿ ಮರ.

ಸೆಲ್ಯುಲಾಯ್ಡ್ ಕತೆ ಇನ್ನೂ ಮಜವಾಗಿದೆ, ಬೇಸರದ್ದೂ ಹೌದು. ಅಮೆರಿಕದ ಜಾನ್ ವೆಸ್ಲಿ ಹಯಟ್ 1870ರ ಹೊತ್ತಿಗೆ ಹತ್ತಿಯ ಸೆಲ್ಯುಲೋಸನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿ, ಕರ್ಪೂರ ಬೆರೆಸಿ, ಒತ್ತಿ ಮಾಡಿದ ವಸ್ತು. ಬಿಲಿಯರ್ಡ್ಸ್ ಚೆಂಡಿಗೆ ಆನೆ ದಂತ ಸಾಲುತ್ತಿರಲಿಲ್ಲ, ಅದಕ್ಕೆ ಬದಲಿ ಹುಡುಕಾಟ. ಇನ್ನು ಆನೆ ಕೊಲ್ಲಬೇಕಿಲ್ಲ, ಬಾಚಣಿಗೆಗೆ ಆಮೆ ಚಿಪ್ಪು ಬೇಕಿಲ್ಲ ಅನ್ನೋ ಅರ್ಥದಲ್ಲೇ ಅದರ ಪ್ರಚಾರವೂ ನಡೆಯಿತು. ಇವತ್ತಿನ ಹಸಿರು ಜಾಹೀರಾತಿಗೆ ಅಜ್ಜ ಅನ್ನಬಹುದು. ಆನೆಗೆ ಒಳ್ಳೆಯದಾಯಿತೋ ಏನೋ, ಕರ್ಪೂರದ ಮರಗಳಿಗೆ ಶನಿ ಹಿಡಿಯಿತು. ಆಗ ಜಗತ್ತಿನ ಕರ್ಪೂರದ ದೊಡ್ಡ ಪಾಲು ಬರುತ್ತಿದ್ದದ್ದು ತೈವಾನಿನ ಬೆಟ್ಟದ ಕಾಡಿನಿಂದ. ಮರ ಕಡಿದು, ಚಕ್ಕೆ ಮಾಡಿ, ಬೇಯಿಸಿ, ಭಟ್ಟಿ ಇಳಿಸಬೇಕು. ಆ ಬೆಟ್ಟಗಳಲ್ಲಿ ಮೂಲನಿವಾಸಿಗಳಿದ್ದರು. ಜಪಾನ್ 1895ರಲ್ಲಿ ತೈವಾನ್ ಹಿಡಿದುಕೊಂಡಿತು, 1899ರಲ್ಲಿ ಕರ್ಪೂರವನ್ನು ಸರ್ಕಾರಿ ಏಕಸ್ವಾಮ್ಯ ಮಾಡಿತು, ಬೆಟ್ಟದ ಜನರ ಮೇಲೆ ವರ್ಷಗಟ್ಟಲೆ ಯುದ್ಧ ಮಾಡಿ ಒಳಗೆ ನುಗ್ಗಿತು. ನ್ಯೂಯಾರ್ಕಿನ ಹೆಂಗಸಿನ ಬಾಚಣಿಗೆಗೂ ತೈವಾನಿನ ಬೇಟೆಗಾರನ ಸಾವಿಗೂ ಕರ್ಪೂರದ ದಾರ ಇತ್ತು. ಮಂಗಳಾರತಿ ತಗೊಳ್ಳುವಾಗ ನನಗೀಗ ಇದು ನೆನಪಾಗುತ್ತದೆ. ಯಾಕೆ ಓದಿದೆನೋ ಅನ್ನಿಸುತ್ತದೆ.

ನಮ್ಮ ದೇಶದ್ದೇ ಒಂದು ತಮಾಷೆ ಕೇಳಿ. ಭಾರತದಲ್ಲಿ ಮೊದಲು ತಯಾರಾದ ಪಾಲಿಥೀನ್ ಪೆಟ್ರೋಲಿಯಂನದ್ದಲ್ಲ. 1959ರಲ್ಲಿ ಬಂಗಾಳದ ರಿಶ್ರಾದಲ್ಲಿ ಐಸಿಐನ ಅಂಗಸಂಸ್ಥೆಯೊಂದು ಶುರು ಮಾಡಿದ ಘಟಕಕ್ಕೆ ಎಥಿಲೀನ್ ಸಿಗುತ್ತಿದ್ದದ್ದು ಆಲ್ಕೋಹಾಲ್‌ನಿಂದ, ಆಲ್ಕೋಹಾಲ್ ಸಿಗುತ್ತಿದ್ದದ್ದು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ. ಯಾವ ಪರಿಸರ ಕಾಳಜಿಯೂ ಅಲ್ಲ. ನಮ್ಮಲ್ಲಿ ಆಗ ನ್ಯಾಫ್ತಾ ಒಡೆಯುವ ಘಟಕ ಇರಲಿಲ್ಲ, ಕಾಕಂಬಿ ಇತ್ತು. ಅರವತ್ತರ ದಶಕದಲ್ಲಿ ನ್ಯಾಫ್ತಾ ಬಂತು, ಅಗ್ಗವಾಯಿತು, ಕಾಕಂಬಿ ಹಿಂದೆ ಸರಿಯಿತು. ಈಗ ಅರವತ್ತು ವರ್ಷದ ಮೇಲೆ ಅದೇ ಕಬ್ಬಿನ ರಸ 'ನವೀನ' ಅನ್ನೋ ಹಣೆಪಟ್ಟಿ ಹಚ್ಚಿಕೊಂಡು ವಾಪಸ್ ಬಂದಿದೆ. ಕೋಕಾಕೋಲಾ 2009ರಲ್ಲಿ 'ಪ್ಲಾಂಟ್ ಬಾಟಲ್' ಬಿಟ್ಟಾಗ ಅದರಲ್ಲಿ ಗಿಡದ ಪಾಲು ಹೆಚ್ಚೆಂದರೆ ಶೇ. 30. ಬ್ರೆಜಿಲ್ ಕಬ್ಬಿನ ಎಥನಾಲ್ ಹಡಗಿನಲ್ಲಿ ಭಾರತಕ್ಕೆ ಬಂದು, ಇಲ್ಲಿ ಗ್ಲೈಕಾಲ್ ಆಗಿ, ಮತ್ತೆ ಹೊರಗೆ ಹೋಗಿ ಬಾಟಲಿಯಾಗುತ್ತಿತ್ತು. ಆ ಹಡಗು ಕುಡಿದ ಎಣ್ಣೆಯ ಲೆಕ್ಕ ಬಾಟಲಿ ಮೇಲೆ ಬರೆದಿರಲಿಲ್ಲ.

ಸರಿ, ಈಗ ನಮ್ಮೂರಿನ ಕಡೆಗೆ.

ಮರದ ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಸೇರಿಸಿದರೆ ಜೇನಿನ ಹಾಗೆ ಇಳಿಯುವ ಕಿತ್ತಳೆ ಬಣ್ಣದ ದ್ರವ ಸಿಗುತ್ತದೆ. 1892ರಲ್ಲಿ ಇಂಗ್ಲೆಂಡಿನಲ್ಲಿ ಕ್ರಾಸ್, ಬೆವನ್ ಮತ್ತು ಜೊತೆಗಾರರು ಇದಕ್ಕೆ ಪೇಟೆಂಟ್ ಪಡೆದರು. ಹೆಸರು ವಿಸ್ಕೋಸ್. ಸಣ್ಣ ತೂತುಗಳಿಂದ ಆಮ್ಲದ ತೊಟ್ಟಿಗೆ ಬಿಟ್ಟರೆ ರೇಯಾನ್ ನೂಲು. ಅದನ್ನೇ ಸೀಳಿನಂಥ ಕಿಂಡಿಯಿಂದ ಹಾಳೆಯಾಗಿ ಬಿಟ್ಟರೆ ಸೆಲೋಫೇನ್, ಮಿಠಾಯಿಗೆ ಸುತ್ತುವ ಚರಪರ ಅನ್ನೋ ಪಾರದರ್ಶಕ ಕಾಗದ. ಸ್ವಿಟ್ಜರ್ಲೆಂಡಿನ ಬ್ರಾಂಡೆನ್‌ಬರ್ಗರ್ 1908ರಲ್ಲಿ ಮಾಡಿದ್ದು. ಬರಿಯ ಸೆಲೋಫೇನ್ ನಿಜವಾಗಿಯೂ ಮಣ್ಣಲ್ಲಿ ಕೊಳೆಯುತ್ತದೆ. ಅಂದರೆ ನನ್ನ ಎರಡೂ ಬೂಲಿಯನ್ ಟ್ರೂ. ಗಿಡದಿಂದ ಬಂತು, ಮಣ್ಣಿಗೆ ಹೋಗುತ್ತದೆ. ಹಾಗಾದರೆ ತೊಂದರೆ ಏನು? ತೊಂದರೆ ಮಧ್ಯದಲ್ಲಿದೆ.

ಹರಿಹರದಲ್ಲಿ ತುಂಗಭದ್ರೆ ದಾಟಿದರೆ ರಾಣೇಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣ. ಬಿರ್ಲಾ ಸಮೂಹದ ಗ್ವಾಲಿಯರ್ ರೇಯಾನ್ಸ್, ಅಂದರೆ ಇವತ್ತಿನ ಗ್ರಾಸಿಮ್, 1972ರಲ್ಲಿ ಇಲ್ಲಿ ಹರಿಹರ ಪಾಲಿಫೈಬರ್ಸ್ ಶುರು ಮಾಡಿತು. ರೇಯಾನ್‌ಗೆ ಬೇಕಾದ ದರ್ಜೆಯ ಮರದ ತಿರುಳು ತೆಗೆಯುವ ಕಾರ್ಖಾನೆ. ಕೆಲವೇ ವರ್ಷದಲ್ಲಿ ಪಕ್ಕದಲ್ಲೇ ನಾರು ಮಾಡುವ ಘಟಕವೂ ಬಂತು. ಹೊಳೆ ನೀರು ಬಾಗಿಲಲ್ಲೇ, ರೈಲು ಬಾಗಿಲಲ್ಲೇ, ಮಲೆನಾಡಿನ ಮರ ಒಂದು ದಿನದ ಲಾರಿ ದಾರಿ. ಮರದಲ್ಲಿ ಸೆಲ್ಯುಲೋಸ್ ಇರೋದು ಅರ್ಧಕ್ಕಿಂತ ಕಡಿಮೆ. ಉಳಿದದ್ದನ್ನು ರಾಸಾಯನಿಕ ಹಾಕಿ ಕುದಿಸಿ ಬೇರೆ ಮಾಡಬೇಕು, ಒಂದಿಷ್ಟನ್ನು ಸುಟ್ಟು ವಾಪಸ್ ಪಡೆಯಬಹುದು, ಒಂದಿಷ್ಟು ನೀರಿನಲ್ಲಿ ಹೋಗುತ್ತದೆ. 1980ರ ದಶಕದ ಮೊದಲ ಭಾಗದಲ್ಲಿ ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಕಾರ್ಖಾನೆಯ ಕೆಳಗಿನ ನಲವಾಗಲು, ಐರಣಿ ಕಡೆಯವರು ಕಂದು ನೀರಿನ ಬಗ್ಗೆ, ವಾಸನೆಯ ಬಗ್ಗೆ, ಸತ್ತು ತೇಲಿದ ಮೀನಿನ ಬಗ್ಗೆ ದನಿ ಎತ್ತಿದರು. ಕೇರಳದ ಮಾವೂರಿನಲ್ಲಿ ಇದೇ ಕಂಪನಿಯ ಕಾರ್ಖಾನೆ, ಚಾಲಿಯಾರ್ ನದಿ, ಇಂಥದ್ದೇ ಜಗಳ. ಅದು ಈ ಶತಮಾನದ ಆರಂಭದ ಹೊತ್ತಿಗೆ ಮುಚ್ಚಿಯೇಹೋಯಿತು. ಕುಮಾರಪಟ್ಟಣದ್ದು ಇವತ್ತಿಗೂ ನಡೆಯುತ್ತಿದೆ, ಸಾವಿರಾರು ಮನೆಗಳ ಅನ್ನ ಅದರಲ್ಲಿದೆ ಅನ್ನೋದನ್ನೂ ಹೇಳಬೇಕು. ನನ್ನ ಹೈಸ್ಕೂಲು ಗೆಳೆಯರ ಅಪ್ಪಂದಿರು ಕೆಲವರು ಅಲ್ಲಿ ಶಿಫ್ಟ್ ಮಾಡುತ್ತಿದ್ದರು. ದೀಪಾವಳಿಗೆ ಅವರ ಮನೆಯಲ್ಲಿ ಪಟಾಕಿ ಜಾಸ್ತಿ.

ಹೊಳೆ ಜಗಳಕ್ಕಿಂತ ದೊಡ್ಡದಾಗಿದ್ದು ನೆಲದ ಜಗಳ. ಕಾರ್ಖಾನೆಗೆ ವರ್ಷವಿಡೀ ಮರ ಬೇಕು, ಎಲ್ಲಿಂದ ತರೋದು? ಅದಕ್ಕೆ ಹಿಂದೆ ಬಿದಿರು ಹೇಗೆ ಮುಗಿದಿತ್ತು ಅನ್ನೋದೂ ಗೊತ್ತಿತ್ತು. ದಾಂಡೇಲಿಯ ಕಾಗದ ಕಾರ್ಖಾನೆಗೆ ಬಿದಿರು ಟನ್ನಿಗೆ ಒಂದೆರಡು ರೂಪಾಯಿಯ ಲೆಕ್ಕದಲ್ಲಿ ಹೋಗುತ್ತಿದ್ದ ಕಾಲದಲ್ಲಿ ಬುಟ್ಟಿ ಹೆಣೆಯುವವರು ಅದೇ ಬಿದಿರಿಗೆ ಪೇಟೆ ಬೆಲೆ ಕೊಡಬೇಕಿತ್ತು. ಐಐಎಸ್‌ಸಿಯ ಮಾಧವ ಗಾಡ್ಗೀಳರು ಎಪ್ಪತ್ತರ ದಶಕದಲ್ಲಿ ಇದನ್ನೇ ಅಧ್ಯಯನ ಮಾಡಿದ್ದು. ಬಿದಿರಿನ ಕತೆ ಆಯಿತು, ಈಗ ನೀಲಗಿರಿ.

ನೀಲಗಿರಿ ನಮ್ಮ ನಾಡಿಗೆ ಕಾಲಿಟ್ಟದ್ದು ಶೆಟ್ಟಿಹಳ್ಳಿಯಿಂದ ಒಂದೂವರೆ ತಾಸಿನ ದಾರಿಯ ನಂದಿಬೆಟ್ಟದಲ್ಲಿ. 1790ರ ಸುಮಾರಿಗೆ ಟಿಪ್ಪು ಸುಲ್ತಾನ್ ತನ್ನ ತೋಟದಲ್ಲಿ ನೆಡಿಸಿದ್ದ ಅಂತ ಅರಣ್ಯ ಇಲಾಖೆಯ ಇತಿಹಾಸಗಳು ಹೇಳುತ್ತವೆ. ಅಲ್ಲಿಂದ ಹಬ್ಬಿದ ತಳಿಗೆ 'ಮೈಸೂರು ಗಮ್' ಅಂತಲೇ ಹೆಸರು. ಭಾನುವಾರ ಬೆಳಗಿನ ಜಾವ ಬೈಕಿನಲ್ಲಿ ಸೂರ್ಯೋದಯ ನೋಡಲು ಹೋಗುವ ನಮ್ಮಲ್ಲಿ ಎಷ್ಟು ಜನ ಆ ಮರಗಳ ಕೆಳಗೆ ಸೆಲ್ಫಿ ತೆಗೆದಿಲ್ಲ! ದನ ತಿನ್ನೋದಿಲ್ಲ, ಕಡಿದರೆ ಮತ್ತೆ ಚಿಗುರುತ್ತದೆ, ಏಳೆಂಟು ವರ್ಷಕ್ಕೆ ಕಟಾವು. ಅಧಿಕಾರಿಗಳಿಗೂ ಕಾರ್ಖಾನೆಗೂ ಬೇರೇನು ಬೇಕು. ದನ ತಿನ್ನದ ಮರ ಅನ್ನೋದು ದನ ಇದ್ದವರಿಗೆ ಮಾತ್ರ ದೋಷ. 1983ರಲ್ಲೇ ತುಮಕೂರು ಜಿಲ್ಲೆಯಲ್ಲಿ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಹಾಕಿದ್ದರು.

1984ರ ಕೊನೆಗೆ ಸರ್ಕಾರ ಮತ್ತು ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅಂತ ಜಂಟಿ ಕಂಪನಿ ಮಾಡಿದವು. ಸರ್ಕಾರಿ ನಿಗಮದ್ದು ಶೇ. 51, ಹರಿಹರ ಪಾಲಿಫೈಬರ್ಸ್‌ದು ಶೇ. 49. ಧಾರವಾಡ, ಶಿವಮೊಗ್ಗ, ಉತ್ತರ ಕನ್ನಡ ಮುಂತಾದ ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ 'ಸಿ' ಮತ್ತು 'ಡಿ' ದರ್ಜೆಯ ಭೂಮಿಯಲ್ಲಿ ನೀಲಗಿರಿಯಂಥ ತಿರುಳಿನ ಮರ ಬೆಳೆಸುವ ಯೋಜನೆ. ಸಿ ಮತ್ತು ಡಿ ಅಂದರೆ ದಾಖಲೆಯ ಪ್ರಕಾರ ಹಾಳುಬಿದ್ದ ನೆಲ. ಆದರೆ ನಮ್ಮ ಕಡೆ ಹಳ್ಳಿಯಲ್ಲಿ ಹುಟ್ಟಿದವರಿಗೆ ಗೊತ್ತು, ಹಾಳು ನೆಲ ಅಂತ ಯಾವುದೂ ಇಲ್ಲ. ದನ ಬಿಡೋದು ಅಲ್ಲಿ, ಕಟ್ಟಿಗೆ ಆರಿಸೋದು ಅಲ್ಲಿ, ಚಪ್ಪರದ ಗಳ, ಹುಲ್ಲು, ಸೀತಾಫಲ, ಕಾರೆಹಣ್ಣು, ಹೊಲ ಇಲ್ಲದವರ ಎರಡು ಆಡು. ತಾಲ್ಲೂಕು ಕಚೇರಿಯ ರಿಜಿಸ್ಟರಿನಲ್ಲಿ ಇದಕ್ಕೆ ಕಾಲಂ ಇಲ್ಲ, ಅಷ್ಟೇ. ಡೇಟಾಬೇಸಿನಲ್ಲಿ ನಲ್ ಅಂದ ತಕ್ಷಣ ಸೊನ್ನೆ ಅಲ್ಲ ಅಂತ ಜೂನಿಯರ್‌ಗಳಿಗೆ ನಾನು ಬಾಯಿ ನೋಯುವಷ್ಟು ಹೇಳುತ್ತೇನೆ.

ಇದರ ವಿರುದ್ಧ ನಿಂತದ್ದು ಸಮಾಜ ಪರಿವರ್ತನ ಸಮುದಾಯ. ಮುಂದೆ ಇದ್ದವರು ಎಸ್. ಆರ್. ಹಿರೇಮಠ. ಅಮೆರಿಕದಲ್ಲಿ ಕೆಲಸದಲ್ಲಿದ್ದು 1979ರಲ್ಲಿ ವಾಪಸ್ ಬಂದು ರಾಣೇಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ನೆಲೆ ನಿಂತವರು. ಆನ್‌ಸೈಟಿನಿಂದ ವಾಪಸ್ ಬಂದು ಜಿಮ್ ಮೆಂಬರ್‌ಶಿಪ್ ತಗೊಂಡ ನನಗೆ ಇದನ್ನು ಬರೆಯುವಾಗ ಸ್ವಲ್ಪ ಮುಜುಗರ ಆಗುತ್ತಿದೆ. 1986ರ ಕೊನೆಗೆ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು, ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. ಮುಂದಿನ ವರ್ಷ ಕೋರ್ಟು ಇನ್ನಷ್ಟು ಭೂಮಿ ಹಸ್ತಾಂತರಕ್ಕೆ ತಡೆ ಕೊಟ್ಟಿತು. ಆದರೂ ಕೆಲವು ಕಡೆ ನಾಟಿ ಆಗಿಯೇ ಆಯಿತು.

1987ರ ನವೆಂಬರ್ 14. ಹಾನಗಲ್ ತಾಲ್ಲೂಕಿನ ಕುಸನೂರು. ಸುಮಾರು ಎರಡು ಸಾವಿರ ಜನ ಸೇರಿ, ಗೋಮಾಳದಲ್ಲಿ ನೆಟ್ಟಿದ್ದ ನೀಲಗಿರಿ ಸಸಿಗಳಲ್ಲಿ ನೂರರಷ್ಟನ್ನು ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಮೇವು, ಹಣ್ಣಿನ ಸಸಿಗಳನ್ನು ನೆಟ್ಟರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ. ನಾಲ್ಕು ವರ್ಷ ಮೊದಲು ಶಿರಸಿಯ ಸಾಲ್ಕಣಿಯಲ್ಲಿ ಮರ ಅಪ್ಪಿಕೊಂಡಿದ್ದರು. ಇಲ್ಲಿ ಕಿತ್ತರು. ಎರಡೂ ಪರಿಸರ ಚಳವಳಿಯೇ. ಮರ ಕಿತ್ತು ಪರಿಸರ ಉಳಿಸಿದ ಆ ದಿನವನ್ನು ನಮ್ಮ ಆಫೀಸಿನ ವನಮಹೋತ್ಸವದ ಸ್ಲೈಡಿನಲ್ಲಿ ಹೇಗೆ ವಿವರಿಸೋದು ಅಂತ ನನಗೆ ಗೊತ್ತಿಲ್ಲ. ಎಲ್ಲರೂ ಮಕ್ಕಳ ದಿನಾಚರಣೆಯಲ್ಲಿದ್ದ ದಿನ ಆ ಜನ ಮಾಡಿದ್ದು ಚಿಕ್ಕ ಕೆಲಸ, ಲೆಕ್ಕದಲ್ಲಿ ನೂರು ಸಸಿ. ಆದರೆ 1991ರಲ್ಲಿ ಸರ್ಕಾರ ಆ ಜಂಟಿ ಕಂಪನಿಯನ್ನೇ ಮುಚ್ಚಲು ತೀರ್ಮಾನಿಸಿತು. ನನಗೆ ಆಗ ಎರಡು ವರ್ಷ.

ಹಿರೇಕೆರೂರು ತಾಲ್ಲೂಕಿನ ನಮ್ಮೂರಿನಿಂದಲೂ ಕೆಲವರು ಕುಸನೂರಿಗೆ ಹೋಗಿದ್ದರಂತೆ. ಅಪ್ಪ ಹೋಗಿರಲಿಲ್ಲ. ಕೇಳಿದರೆ "ಅವತ್ತು ಜೋಳದ ರಾಶಿ ಇತ್ತು" ಅಂತಾರೆ. ನವೆಂಬರ್ ಮಧ್ಯದಲ್ಲಿ ಎಂಥ ರಾಶಿ ಅಂತ ನಾನೂ ಕೆದಕಿಲ್ಲ. ಹೇಳಬೇಕಾದ್ದು ಏನೆಂದರೆ, ಹನ್ನೆರಡು ವರ್ಷ ಬಿಟ್ಟು ಅಪ್ಪ ತಾವೇ ನಮ್ಮ ಎರಡು ಎಕರೆ ಮರಡಿ ಹೊಲಕ್ಕೆ ನೀಲಗಿರಿ ಹಚ್ಚಿದರು. ಯಾರೂ ಒತ್ತಾಯ ಮಾಡಿರಲಿಲ್ಲ. ಆ ಹೊಲದಲ್ಲಿ ಬಿತ್ತಿದ್ದು ಬರುತ್ತಿರಲಿಲ್ಲ, ಆಳು ಸಿಗುತ್ತಿರಲಿಲ್ಲ, ನೀಲಗಿರಿಗೆ ಆಳೂ ಬೇಡ, ಕಾವಲೂ ಬೇಡ. ಸರ್ಕಾರಿ ನೆಲದಲ್ಲಿ ಕಿತ್ತಿದ್ದನ್ನು ಜನ ತಮ್ಮ ಸ್ವಂತ ನೆಲದಲ್ಲಿ ಹಚ್ಚಿಕೊಂಡರು. ಪುಸ್ತಕಗಳಲ್ಲಿ ಸತ್ಯಾಗ್ರಹದ ಅಧ್ಯಾಯ 1991ಕ್ಕೆ ಗೆಲುವಿನಲ್ಲಿ ಮುಗಿಯುತ್ತದೆ, ಈ ಭಾಗ ಇರೋದಿಲ್ಲ.

2007ರಲ್ಲಿ ಸಿಇಟಿ ರ‍್ಯಾಂಕ್ ಬಂತು, ಸೀಟು ಸಿಕ್ಕಿತು. ಆ ಜುಲೈನಲ್ಲಿ ಗುತ್ತಿಗೆದಾರರ ಲಾರಿ ಬಂದು ಮರ ತುಂಬಿಕೊಂಡು ಹೋಯಿತು. ಸಿಪ್ಪೆ ಸುಲಿದು ಬಿಳಿಚಿದ್ದ ದಿಮ್ಮಿಗಳು, ಮಳೆಗೆ ನೆನೆದು ವಿಕ್ಸ್ ವಾಸನೆ. "ಹರಿಹರಕ್ಕ ಹೊಕ್ಕಾವು, ಅರಿವಿ ಆಕ್ಕಾವು" ಅಂದರು ಅಪ್ಪ. ಮರ ಬಟ್ಟೆ ಆಗುತ್ತದೆ ಅನ್ನೋದು ನನಗೆ ಆಗ ಅಪ್ಪನ ತಮಾಷೆ ಅನ್ನಿಸಿತ್ತು. ಆ ದುಡ್ಡಿನಲ್ಲಿ ಮೊದಲ ವರ್ಷದ ಫೀಸು, ಹಾಸ್ಟೆಲ್ ಡಿಪಾಸಿಟ್, ಒಂದು ಸೈಂಟಿಫಿಕ್ ಕ್ಯಾಲ್ಕುಲೇಟರ್. ನೀಲಗಿರಿ ಬೈದು ಯಾರಾದರೂ ಮಾತಾಡಿದರೆ ನಾನು ತಲೆ ಆಡಿಸುತ್ತೇನೆ, ಆದರೆ ಅರ್ಧ ತಲೆ ಮಾತ್ರ.

ಹೊಲದ ಕೆಳಗಿನ ಬಾವಿ ಎರಡನೇ ಕಟಾವಿನ ಹೊತ್ತಿಗೆ ಬತ್ತಿತು. ನೀಲಗಿರಿಯಿಂದ ಅಂತಾರೆ ಕೆಲವರು. ಅದೇ ವರ್ಷಗಳಲ್ಲಿ ಸುತ್ತ ಬೋರ್‌ವೆಲ್‌ಗಳೂ ಬಂದವು, ಮಳೆಯೂ ಕೈಕೊಟ್ಟಿತು. ಯಾವುದಕ್ಕೆ ಎಷ್ಟು ಪಾಲು ಅಂತ ಬಗ್ ಟಿಕೆಟ್ ಹಾಕಿ ಹೇಳೋಕೆ ಆಗಲ್ಲ. 2017ರಲ್ಲಿ ರಾಜ್ಯ ಸರ್ಕಾರ ಅಂತರ್ಜಲದ ಕಾರಣಕ್ಕೇ ಹೊಸದಾಗಿ ನೀಲಗಿರಿ ನೆಡೋದನ್ನು ನಿಷೇಧಿಸಿತು. ಅಪ್ಪ ಜೆಸಿಬಿ ತರಿಸಿ ಬೊಡ್ಡೆ ಕೀಳಿಸಿ ಗೋವಿನಜೋಳ ಹಾಕಿದರು.

ಗೋವಿನಜೋಳ ಅಂದರೆ ಮೆಕ್ಕೆಜೋಳ. ನನ್ನ ಕುಂಡದ ಚೀಲದ ಅಪ್ಪ.

ಇದರ ದಾರಿ ಹೀಗೆ: ಜೋಳದ ಪಿಷ್ಟವನ್ನು ಸಕ್ಕರೆ ಮಾಡಿ, ಬ್ಯಾಕ್ಟೀರಿಯಾಕ್ಕೆ ತಿನ್ನಿಸಿದರೆ ಲ್ಯಾಕ್ಟಿಕ್ ಆಮ್ಲ ಬರುತ್ತದೆ. ಮೊಸರು ಹುಳಿಯಾಗೋದು ಇದರಿಂದಲೇ. ಆ ಆಮ್ಲದ ಕಣಗಳನ್ನು ಸರಪಳಿಯಾಗಿ ಜೋಡಿಸಿದರೆ ಪಿಎಲ್‌ಎ. ಕಾರದರ್ಸ್ ಎಂಬ ಡುಪಾಂಟ್ ವಿಜ್ಞಾನಿ 1932ರಲ್ಲೇ ಮಾಡಿ ನೋಡಿ ಬಿಟ್ಟಿದ್ದ. ದೊಡ್ಡ ಮಟ್ಟದಲ್ಲಿ ಬಂದದ್ದು 2002ರಲ್ಲಿ, ಅಮೆರಿಕದ ಜೋಳದ ಸೀಮೆ ನೆಬ್ರಾಸ್ಕಾದಲ್ಲಿ ಕಾರ್ಗಿಲ್ ಮತ್ತು ಡೌ ಕಟ್ಟಿದ ಕಾರ್ಖಾನೆಯಿಂದ. ನಮ್ಮ ದೇಶದಲ್ಲೂ ಉತ್ತರ ಪ್ರದೇಶದ ಸಕ್ಕರೆ ಕಂಪನಿಯೊಂದು 2024ರಲ್ಲಿ ಕಬ್ಬಿನಿಂದ ಪಿಎಲ್‌ಎ ಮಾಡುವ ಕಾರ್ಖಾನೆ ಘೋಷಿಸಿದೆ. ತಿರುಪತಿ ಲಡ್ಡಿಗೆ 2021ರಲ್ಲಿ ಡಿಆರ್‌ಡಿಒ ಜೋಳದ ಪಿಷ್ಟದ ಚೀಲ ಕೊಟ್ಟಿತು. ಬೇಡಿಕೆಗೆ ಕಾನೂನಿನ ಬಲವೂ ಇದೆ. ಕರ್ನಾಟಕ 2016ರ ಮಾರ್ಚ್‌ನಲ್ಲೇ ಕ್ಯಾರಿಬ್ಯಾಗು, ಫ್ಲೆಕ್ಸು, ಲೋಟ, ತಟ್ಟೆ ನಿಷೇಧಿಸಿತ್ತು. ದೇಶದಾದ್ಯಂತ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳಿಗೆ ನಿಷೇಧ ಬಂದಾಗ ಕಾಂಪೋಸ್ಟಬಲ್ ಪ್ಲಾಸ್ಟಿಕ್‌ಗೆ ವಿನಾಯಿತಿ ಇತ್ತು. ಬಾಗಿಲು ಮುಚ್ಚಿ ಕಿಟಕಿ ತೆರೆದರೆ ಜನ ಕಿಟಕಿಯಿಂದಲೇ ಬರುತ್ತಾರೆ.

ಪಿಎಲ್‌ಎ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆಪರೇಷನ್ನಿನಲ್ಲಿ ಕರಗುವ ಹೊಲಿಗೆಗೆ, ಹಸಿಕಸ ತುಂಬುವ ಚೀಲಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಶೆಟ್ಟಿಹಳ್ಳಿಯಲ್ಲಿ ಅದಕ್ಕೊಂದು ವಿಳಾಸ ಬೇಕಲ್ಲ? ಬೆಳಿಗ್ಗೆ ಕಸದ ಆಟೋ ಬಂದಾಗ ಆ ಹಸಿರು ಚೀಲದಲ್ಲೇ ಹಸಿಕಸ ಕೊಟ್ಟೆ. ಆಟೋದ ಅಕ್ಕ "ಪ್ಲಾಸ್ಟಿಕ್ ಹಾಕ್ಬೇಡಿ ಸಾರ್" ಅಂತ ಕಸ ಸುರಿದುಕೊಂಡು ಚೀಲ ವಾಪಸ್ ಕೊಟ್ಟರು. ಇದು ಪ್ಲಾಸ್ಟಿಕ್ ಅಲ್ಲ ಅಂತ ಎಲೆ ಚಿತ್ರ ತೋರಿಸಿದೆ. ಅವರು ನನ್ನ ಮುಖ ನೋಡಿದರು. ನಕಲಿ ಎಲೆ ಚಿತ್ರದ ಚೀಲಗಳನ್ನು ಅವರು ದಿನಕ್ಕೆಷ್ಟು ನೋಡುತ್ತಾರೋ! ಅವರು ಮಾಡಿದ್ದೇ ಸರಿ. ಒಣಕಸಕ್ಕೆ ಹಾಕಿದರೆ ಮರುಬಳಕೆಯ ಪ್ಲಾಸ್ಟಿಕ್ಕನ್ನು ಅದು ಕೆಡಿಸುತ್ತದೆ. ಹಸಿಕಸಕ್ಕೆ ಹಾಕಿದರೆ ಗೊಬ್ಬರ ಘಟಕದ ಜರಡಿಯಲ್ಲಿ ಪ್ಲಾಸ್ಟಿಕ್ ಅಂತಲೇ ಆರಿಸಿ ಹೊರಗೆ ಹಾಕುತ್ತಾರೆ. ಎಲ್ಲಿಗೂ ಸಲ್ಲದ್ದು ಕೊನೆಗೆ ಹೋಗೋದು ಯಾರದೋ ಊರಿಗೆ. ನಮ್ಮ ಉತ್ತರ ದಿಕ್ಕಿನಲ್ಲೇ, ಯಲಹಂಕದ ಆಚೆಗಿನ ಮಾವಳ್ಳಿಪುರದ ಜನ ಬೆಂಗಳೂರಿನ ಕಸದ ಗುಡ್ಡದ ಪಕ್ಕ ವರ್ಷಗಟ್ಟಲೆ ಬದುಕಿ, ಹೋರಾಡಿ, 2012ರಲ್ಲಿ ಅದನ್ನು ನಿಲ್ಲಿಸಿದರು. ಅವರ ಗೋಮಾಳ, ಕೆರೆ, ಬಾವಿ ನೀರು. ನಮ್ಮೂರಿನ ಕತೆಯನ್ನೇ ಹಿಂದಿನಿಂದ ಓದಿದ ಹಾಗೆ: ಅಲ್ಲಿ ವಸ್ತು ಹುಟ್ಟೋಕೆ ಹಳ್ಳಿಯ ಖಾಲಿ ನೆಲ ಬೇಕಿತ್ತು, ಇಲ್ಲಿ ಸಾಯೋಕೆ.

ಜೋಳದ ಹೊಲವೂ ಪುಕ್ಕಟೆ ಅಲ್ಲ. ಯೂರಿಯಾ ಕುಡಿಯುತ್ತದೆ. 2018ರಲ್ಲಿ ಸೈನಿಕ ಹುಳು ಭಾರತದಲ್ಲಿ ಮೊದಲು ಕಾಣಿಸಿದ್ದೇ ಕರ್ನಾಟಕದ ಜೋಳದಲ್ಲಿ, ಅಂದಿನಿಂದ ಅಪ್ಪ ಸುಳಿಗೆ ಔಷಧಿ ಹಾಕೋದು ನಿಂತಿಲ್ಲ. ಅದಕ್ಕೇ ಇರಬೇಕು, ಐಐಎಸ್‌ಸಿಯ ಕೌಶಿಕ್ ಚಟರ್ಜಿ ಮತ್ತವರ ತಂಡ 2022ರಲ್ಲಿ ಹೇಳಿದ ದಾರಿ ನನಗೆ ಹೆಚ್ಚು ಹಿಡಿಸಿತು. ಬೆಳೆ ತೆಗೆದ ಮೇಲೆ ಉಳಿಯುವ ಕೂಳೆಯ ಸೆಲ್ಯುಲೋಸ್ ಮತ್ತು ಹರಳೆಣ್ಣೆ ಸೇರಿಸಿ ಪ್ಯಾಕಿಂಗ್‌ಗೆ ಆಗುವ ಹಾಳೆ ಮಾಡಿದ್ದಾರೆ. ತಿನ್ನುವುದನ್ನು ಬಳಸಿಲ್ಲ, ಹೊಸ ನೆಲ ಕೇಳಿಲ್ಲ. ಅದರಲ್ಲೂ ಎರಡನ್ನು ಬೆಸೆಯೋಕೆ ಐಸೋಸಯನೇಟ್ ಎಂಬ ರಾಸಾಯನಿಕ ಬೇಕು, ಅದು ಗಿಡದ್ದಲ್ಲ. ಮಧ್ಯದಲ್ಲಿ ಏನಿದೆ ಅಂತ ಕೇಳೋ ಚಟ ನನಗೆ ಇನ್ನು ಬಿಡೋದಿಲ್ಲ.

ಯುಗಾದಿಗೆ ಊರಿಗೆ ಹೋಗುವಾಗ ಆ ಚೀಲ ಅರ್ಧ ಕತ್ತರಿಸಿ ಒಂದು ಭಾಗ ಒಯ್ದೆ. ಇನ್ನರ್ಧ ಕುಂಡಕ್ಕೇ ವಾಪಸ್. ನಮ್ಮ ಮನೆ ಹಿಂದೆ ತಿಪ್ಪೆ ಇದೆ. ಚಳಿಗಾಲದ ಬೆಳಿಗ್ಗೆ ಕೆದಕಿದರೆ ಹಬೆ ಏಳುತ್ತದೆ, ಒಳಗೆ ಕೈ ಇಟ್ಟರೆ ಸುಡುತ್ತದೆ. ಐವತ್ತೆಂಟು ಡಿಗ್ರಿಗೆ ನನಗೆ ಗೊತ್ತಿರೋ ಏಕೈಕ ಜಾಗ ಅದು. ಚೀಲಕ್ಕೆ ಒಂದು ಕೆಂಪು ದಾರ ಕಟ್ಟಿ ನಡುಮಧ್ಯೆ ಹೂತು, ಗುರುತಿಗೆ ಕೋಲು ನೆಟ್ಟು ಬಂದೆ. ಅವ್ವ ಇದನ್ನು ಯಾರಿಗೋ ಮಾಡಿಸಿದ ಮಾಟ ಅಂದುಕೊಂಡಳು.

ಮೃಗಶಿರ ಮಳೆಗೆ ಮೊದಲು ಗೊಬ್ಬರ ಹೇರುವಾಗ ಅಪ್ಪ ಫೋನ್ ಮಾಡಿದರು. ನಾನು ಸ್ಟ್ಯಾಂಡಪ್ ಮೀಟಿಂಗಿನಲ್ಲಿದ್ದೆ, ಮ್ಯೂಟ್ ಮಾಡಿ ಎತ್ತಿದೆ.

"ನಿನ್ನ ಕೆಂಪು ದಾರ ಸಿಕ್ತು. ಚೀಲ ಇಲ್ಲ."

"ಪೂರ್ತಿ ಇಲ್ಲೇನು? ಚೂರು ಗೀರು?"

"ನಂಗ ಕಾಣವಲ್ದು. ಕೊಳತೈತೋ, ಸಣ್ಣ ಪುಡಿಯಾಗಿ ಗೊಬ್ಬರದಾಗ ಸೇರೈತೋ ನಾ ಹ್ಯಾಂಗ ಹೇಳ್ಲಿ. ನಿಮ್ಮವ್ವನ ಶಾಂಪೂ ಚೀಟಿ ಮಾತ್ರ ಒಂದ್ ಬುಟ್ಟಿ ಆಗ್ಯಾವ, ಎಲ್ಲಾ ಹಂಗ ಹೊಳೀತಾವ." ಸ್ವಲ್ಪ ಹೊತ್ತು ಬಿಟ್ಟು, "ಈ ಸಲ ಗೋವಿನಜೋಳಕ್ಕ ರೇಟ್ ಹ್ಯಾಂಗ ಇರ್ತೈತಿ, ನಿಮ್ಮ ಕಂಪ್ಯೂಟರ್‌ನ್ಯಾಗ ಏನರ ತೋರಸ್ತದೇನು?" ಅಂದರು.

ತಾರಸಿಯ ಕುಂಡದಲ್ಲಿ ಉಳಿದರ್ಧ ಇನ್ನೂ ಇದೆ. ಹೆಂಡತಿ ಅದರ ಮೇಲೇ ಮೆಂತ್ಯ ಹಾಕಿದ್ದಾಳೆ.